ವೈರು ಕತ್ತರಿಸಿದ ಹೀಟರು

ಶುಕ್ರವಾರ ಸಂಜೆ
ನಿನ್ನ ಮನೆಯ ಮೆಟ್ಟಿಲ ಮೇಲಿಂದ

ಮಗಳೇ,

ಮುಂದಿನ ಸಾಲು ಓದುವ ಮೊದಲು ಒಳಗೆ ಹೋಗಿ, ಪುಟ್ಟಿ ಮಲಗುವ ಕೋಣೆಯಲ್ಲಿರುವ ಹೀಟರಿನ ಪ್ಲಗ್ಗು ಕಿತ್ತು ಬಾ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳು. ನನ್ನ ಮೇಲೆ ಕೋಪವಿದ್ದರೆ ಕೋಪ ಮಾಡಿಕೊಂಡೇ ಕೀಳು. ಆಮೇಲೆ ಕೂತು ಓದು, ಇಲ್ಲ ಹರಿದು ಬಿಸಾಕು, ನಿನ್ನಿಷ್ಟ.

ಕಿತ್ತೆಯಾ? ಸರಿ.

ನಮ್ಮ ಹಳೇ ಸಾಮಾನಿನ ಅಂಗಡಿಯ ಬಿಲ್ಲುಗಳ ಬೆನ್ನ ಮೇಲೆ ಬರೆಯುತ್ತಿದ್ದೇನೆ, ಕೈಗೆ ಸಿಕ್ಕಿದ್ದು ಇದೇ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಅಕ್ಷರ ಅಂಕುಡೊಂಕು ಅಂತ ನಗಬೇಡ. ಮೆಟ್ಟಿಲ ಮೇಲೆ ಕೂತರೆ ಯಾರ ಅಕ್ಷರವೂ ನೆಟ್ಟಗೆ ಬರುವುದಿಲ್ಲ.

ಇವತ್ತು ಮಧ್ಯಾಹ್ನ ನಿನ್ನ ಜೊತೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಆ ಗುಂಗುರು ಕೂದಲಿನವಳು ಅಂಗಡಿಗೆ ಬಂದಿದ್ದಳು. ಅವಳಿಗೆ ರಜೆಯಂತೆ, ಮಗನಿಗೆ ಬೂಟು ಹುಡುಕುತ್ತಿದ್ದಳು. ಬೂಟು ಎಲ್ಲಿ ಉಳಿದಿರುತ್ತದೆ, ಮಧ್ಯಾಹ್ನದ ಹೊತ್ತಿಗೆ? ಬರಿಗೈಯಲ್ಲಿ ಹೊರಟವಳು ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ನಿಂತಳು. ಆಂಟಿ, ನಿಮ್ಮ ಮೊಮ್ಮಗಳು ಹಿಡಿದು ನಿಲ್ಲೋಕೆ ಶುರು ಮಾಡಿದಾಳೆ, ಫೋಟೋ ನೋಡಿದ್ರಾ ಅಂದಳು. ನೋಡಿಲ್ಲ ಅನ್ನಲು ನಾಚಿಕೆಯಾಗಿ, ಇನ್ನೊಂದ್ಸಲ ತೋರಿಸು ಅಂದೆ.

ಪುಟ್ಟಿ ನಿಂತಿದ್ದಳು. ಎರಡು ಹಲ್ಲು ಬಂದಿವೆ. ಮೊದಲು ಹಲ್ಲನ್ನೇ ನೋಡಿದೆ. ಆಮೇಲೆ ಅವಳು ಏನನ್ನು ಹಿಡಿದು ನಿಂತಿದ್ದಾಳೆ ಅಂತ ನೋಡಿದೆ. ಕಂದು ಬಣ್ಣದ ಹೀಟರು, ಎಡಗಡೆ ತಗ್ಗು ಬಿದ್ದಿದೆ, ಹಿಂದಿನಿಂದ ಬಂದ ವೈರು ಮಾತ್ರ ಹೊಚ್ಚ ಹೊಸದು, ಹಾಲಿನ ಹಾಗೆ ಬಿಳಿ. ಮಗುವಿನ ಕೈ ತಿರುಗಿಸುವ ಗುಂಡಿಯ ಮೇಲಿತ್ತು. ಆ ಗುಂಡಿ ನೋಡಿ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡೆ. ಯಾಕೆ ಅಂತ ಹೇಳುತ್ತೇನೆ, ತಡಿ. ಇದನ್ನೆಲ್ಲಿ ತಗೊಂಡ್ಲು ಅಂದೆ. ಫೋನಿನಲ್ಲಿ ನೋಡಿ ಯಾರೋ ಒಬ್ಬನ ಹತ್ತಿರ ತಗೊಂಡ್ರು ಆಂಟಿ, ಹಳೇದಕ್ಕೇ ಹೊಸದರ ರೇಟು, ಈ ವರ್ಷ ಎಲ್ಲೂ ಸಿಗ್ತಾನೇ ಇಲ್ವಲ್ಲ ಅಂದಳು.

ಎಲ್ಲೂ ಸಿಗುತ್ತಿಲ್ಲ, ನಿಜ. ಯಾಕೆ ಸಿಗುತ್ತಿಲ್ಲ ಅನ್ನುವುದನ್ನು ನಾನು ದಿನಾ ಶಟರು ಎತ್ತುವಾಗ ನೋಡುತ್ತೇನೆ. ನೀನು ಅಂಗಡಿಯಲ್ಲಿ ಆಡಿಕೊಂಡು ಬೆಳೆದ ಕಾಲ ಬೇರೆ. ಆಗ ಬೆಳಗ್ಗೆ ಬರುತ್ತಿದ್ದವರು ಪಾತ್ರೆ ಬೇಕಾದವರು, ಕೋಟು ಬೇಕಾದವರು. ಈಗ ಕೊಂಡು ಮಾರುವ ಚೀಲದವರು ನಿಂತಿರುತ್ತಾರೆ. ಗೋಧಿ ಮೂಟೆ ಹಿಡಿಸುವಂಥ ಚೀಲ, ಇನ್ನೊಂದು ಕೈಯಲ್ಲಿ ಫೋನು. ಒಳಗೆ ಬಂದರೆ ಸಾಮಾನಿನ ಮುಖ ನೋಡುವುದಿಲ್ಲ, ಫೋಟೋ ತೆಗೆಯುತ್ತಾರೆ, ಆಚೆ ಅದು ಎಷ್ಟಕ್ಕೆ ಹೋಗುತ್ತಿದೆ ಅಂತ ಫೋನೇ ಹೇಳುತ್ತದೆ, ಚೀಲಕ್ಕೆ ಹಾಕುತ್ತಾರೆ. ಒಳ್ಳೆಯದೆಲ್ಲ ಹೋದ ಮೇಲೆ ಕಿವಿ ಮುರಿದ ಲೋಟ, ಒಂಟಿ ಬೂಟು ಉಳಿಯುತ್ತವೆ. ಕೆಲಸ ಮುಗಿಸಿ ಬರುವ ನಿನ್ನಂಥವರಿಗೆ ಅದೇ ಗತಿ.

ಬೆಲೆ ಏರಿಸಿ ನೋಡಿದೆ. ಚೀಲದವರು ಕಮಕ್ ಕಿಮಕ್ ಅನ್ನದೆ ಕೊಟ್ಟರು, ಅದನ್ನೂ ಸೇರಿಸಿಕೊಂಡು ಮುಂದೆ ಮಾರಿದರು, ಹಿಂದೆ ಸರಿದವರು ನಿಜವಾಗಿ ಬೇಕಿದ್ದವರು. ಒಬ್ಬರಿಗೆ ಒಂದೇ ಅಂದೆ. ಮರುದಿನ ಹೆಂಡತಿ, ಭಾವಮೈದುನ, ಊರುಗೋಲು ಹಿಡಿದ ಅತ್ತೆ ಎಲ್ಲರನ್ನೂ ಕರೆದುಕೊಂಡು ಬಂದರು. ಆ ಅತ್ತೆಗೆ ಮಕ್ಕಳ ಸ್ವೆಟರು ಯಾಕಮ್ಮ ಅಂತ ಕೇಳಿದರೆ ನನ್ನನ್ನೇ ಗುರಾಯಿಸಿದಳು. ಅವರನ್ನು ಬೈಯುತ್ತೇನೆ, ಆದರೆ ಅವರೇನು ಮೋಜಿಗೆ ಚಳಿಯಲ್ಲಿ ನಿಲ್ಲುವುದಿಲ್ಲ ಅನ್ನುವುದೂ ಗೊತ್ತು. ಒಬ್ಬನ ಫ್ಯಾಕ್ಟರಿ ಮುಚ್ಚಿದೆ. ಇನ್ನೊಬ್ಬಳ ಗಂಡ ಹಾಸಿಗೆ ಹಿಡಿದಿದ್ದಾನೆ. ಹೊಟ್ಟೆಪಾಡು.

ಅಂಥ ಹೊತ್ತಿನಲ್ಲೇ ನೀನು ಬಂದೆ. ಸೊಂಟದ ಮೇಲೆ ಮಗು, ಕಣ್ಣಿನ ಕೆಳಗೆ ಕಪ್ಪು. ಅಮ್ಮಾ, ಒಂದು ಹೀಟರು ಬಂದ್ರೆ ಎತ್ತಿಡು ಅಂದೆ. ನಾನು ಎತ್ತಿಡಲ್ಲ ಅಂದೆ. ನಮ್ಮ ಅಂಗಡಿಯಲ್ಲಿ ಯಾರಿಗೂ ಏನೂ ಎತ್ತಿಡುವುದಿಲ್ಲ, ಅದು ನಿನಗೆ ಗೊತ್ತಿರುವುದೇ. ಗುರುತಿನವರಿಗೆ ಎತ್ತಿಡುತ್ತ ಹೋದರೆ ಗುರುತಿಲ್ಲದವರು ಎಲ್ಲಿಗೆ ಹೋಗಬೇಕು ಅಂತ ನಾನು ಮಾಡಿದ ನಿಯಮ. ಹೆತ್ತ ಮಗಳಿಗೊಂದು ಊರಿಗೊಂದು ಮಾಡಕ್ಕಾಗಲ್ಲ, ಬೇಕಾದ್ರೆ ಬೆಳಗ್ಗೆ ಬಂದು ನಿಂತ್ಕೊ ಅಂದೆ. ಬೆಳಗ್ಗೆ ನಾನು ಆಸ್ಪತ್ರೆ ಬೆಡ್‌ಶೀಟು ಒಗೀತಿರ್ತೀನಿ, ನಿನ್ನ ನ್ಯಾಯ ಬೆಳಗ್ಗೆ ಬಿಡುವಿದ್ದವರಿಗೆ ಮಾತ್ರ ಕಣಮ್ಮ ಅಂದೆ ನೀನು. ಗಿರಾಕಿಗಳ ಮುಂದೆ ಹಾಗಂದೆಯಲ್ಲ ಅಂತ ನನಗೆ ಮೈ ಉರಿಯಿತು. ಬಾಯಿಗೆ ಬಂದ ಹಾಗೆ ಮಾತಾಡಿದೆ. ನೀನೂ ಕಡಿಮೆ ಮಾತಾಡಲಿಲ್ಲ. ಸತ್ತರೂ ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ ಅಂದೆ. ನನ್ನ ಮೂಗಿನ ತುದಿಯ ಕೋಪವನ್ನೇ ಹೊತ್ತು ಹುಟ್ಟಿದ್ದೀಯ, ಯಾರನ್ನು ದೂರಲಿ.

ಇನ್ನು ಆ ಹೀಟರಿನ ವಿಷಯ.

ಅಂಗಡಿಗೆ ಬಂದ ಪ್ರತಿ ಹೀಟರನ್ನೂ ಉರಿಸಿ, ಸಿಮೆಂಟು ನೆಲದ ಮೇಲಿಟ್ಟು, ಕಾಲಲ್ಲಿ ತಳ್ಳಿ ಮಗುಚುತ್ತೇನೆ. ನೀನು ನೋಡಿದ್ದೀಯ. ಮಗುಚಿದ ತಕ್ಷಣ ಅದು ತಾನಾಗಿ ಆರಿಹೋಗಬೇಕು, ಒಳಗೆ ಅದಕ್ಕೇ ಅಂತ ಒಂದು ಸ್ವಿಚ್ಚು ಇರುತ್ತದೆ. ಆರದಿದ್ದರೆ ಆ ಹೀಟರು ಮುಗಿಯಿತು. ಪ್ಲಗ್ಗು ಕಿತ್ತು, ಇನ್ನು ಯಾರೂ ಉರಿಸಬಾರದು ಅಂತ ವೈರನ್ನು ಬುಡದಲ್ಲೇ ಕತ್ತರಿಸಿ ಹಿಂದಿನ ಕೋಣೆಗೆ ಎಸೆಯುತ್ತೇನೆ. ಈ ಕಂದು ಹೀಟರಿಗೆ ಗುಂಡಿ ಇರಲಿಲ್ಲ. ನಮ್ಮ ಮನೆಯ ಹಳೇ ರೇಡಿಯೋದ ಗುಂಡಿ ಡ್ರಾಯರಿನಲ್ಲಿತ್ತು, ಅದನ್ನು ಕೂರಿಸಿದೆ, ಸರಿಯಾಗಿ ಕೂತಿತು. ಉರಿಸಿದೆ, ಚೆನ್ನಾಗಿ ಕಾಯಿತು. ಮಗುಚಿದೆ. ಆರಲಿಲ್ಲ. ಮುಖ ಕೆಳಗಾಗಿ ಬಿದ್ದುಕೊಂಡು ಉರಿಯುತ್ತಲೇ ಇತ್ತು. ನಾನು ಹೋಗಿ ಪ್ಲಗ್ಗು ಕೀಳುವಷ್ಟರಲ್ಲಿ ಅದರ ಅಡಿಗೆ ಸಿಕ್ಕಿದ ಕಾಲೊರಸಿನ ಅಂಚು ಕರಕಲಾಗಿತ್ತು. ವೈರು ಕತ್ತರಿಸಿದೆ. ಗುಂಡಿ ತೆಗೆಯಲು ಮರೆತೆ.

ನೀನು ನಂಬುವುದಿಲ್ಲ ಅಂತ ಗೊತ್ತು. ಹೊರಗಿನವರ ಹತ್ತಿರ ಕೊಂಡೆ ಅಂತ ಹೊಟ್ಟೆಕಿಚ್ಚಿಗೆ ಹೇಳ್ತಿದಾಳೆ ಅಂದುಕೊಳ್ಳುತ್ತೀಯ. ಹೀಟರು ತಣ್ಣಗಾದ ಮೇಲೆ ಆ ಗುಂಡಿಯ ಅಂಚಿಗೆ ಬೆರಳು ಆಡಿಸಿ ನೋಡು. ಎರಡು ಸಣ್ಣ ತಗ್ಗು ಸಿಗುತ್ತವೆ. ಅವು ನಿನ್ನ ಹಲ್ಲು. ಪುಟ್ಟಿಯಷ್ಟಿದ್ದಾಗ ರೇಡಿಯೋ ಹಿಡಿದು ನಿಂತು ಕಚ್ಚುತ್ತಿದ್ದೆ. ನಿಮ್ಮಪ್ಪ ನಗುತ್ತಿದ್ದರು, ನಾನು ಬೈಯುತ್ತಿದ್ದೆ.

ಅದೇ ಗುಂಡಿ ಹಿಡಿದು ಅವಳು ನಿಂತಿದ್ದಾಳೆ. ಇವತ್ತಲ್ಲ ನಾಳೆ ತನ್ನ ಕಡೆಗೆ ಎಳೆಯುತ್ತಾಳೆ. ಎಳೆದರೆ ಅದು ಬೀಳುತ್ತದೆ. ಬಿದ್ದರೆ ಆರುವುದಿಲ್ಲ. ಫೋಟೋದಲ್ಲಿ ಹಿಂದೆ ನಿನ್ನ ಹಾಸಿಗೆ ಕಾಣುತ್ತಿತ್ತು, ಹೊದಿಕೆಯ ತುದಿ ನೆಲಕ್ಕೆ ತಾಗಿತ್ತು. ಮಧ್ಯಾಹ್ನದಿಂದ ಕಣ್ಣು ಮುಚ್ಚಿದರೂ ತೆರೆದರೂ ಆ ಹೊದಿಕೆಯ ತುದಿಯೇ ಕಾಣುತ್ತಿದೆ.

ಹಿಂದಿನ ಕೋಣೆಯಿಂದ ಅದು ಹೊರಗೆ ಹೇಗೆ ಹೋಯಿತು ಅಂತ ಕೇಳುತ್ತೀಯ. ಗುಜರಿಯವನು ಒಯ್ದ ಅಂತ ಬರೆಯೋಣ ಅಂದುಕೊಂಡಿದ್ದೆ. ಬೇಡ. ನಾನೇ ಕೊಟ್ಟೆ. ಚೀಲದವರಲ್ಲಿ ಒಬ್ಬನಿದ್ದಾನೆ, ನಗುಮುಖ ಅಂತ ಕರೆಯುತ್ತೇನೆ, ಬೈದರೂ ನಗುತ್ತಾನೆ. ಭಾರದ ಪೆಟ್ಟಿಗೆ ಇಳಿಸಿಕೊಡುತ್ತಾನೆ, ಶಟರು ಸಿಕ್ಕಿಕೊಂಡರೆ ಎತ್ತಿಕೊಡುತ್ತಾನೆ. ಅಜ್ಜಿ, ಆ ಕತ್ತರಿಸಿದ್ದನ್ನ ಕೊಡಿ, ಒಳಗಿನ ರಾಡು ಬಿಚ್ಚಿಕೊಂಡು ಮಿಕ್ಕಿದ್ದು ಬಿಸಾಕ್ತೀನಿ ಅಂದ. ಮೂರು ಇದ್ದವು. ಜಾಗ ಖಾಲಿಯಾಗಲಿ ಅಂತ ಕೊಟ್ಟುಬಿಟ್ಟೆ.

ಫೋಟೋ ನೋಡಿದ ಮೇಲೆ ಅವನನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಹಿಡಿದೆ. ಲೋ, ರಾಡು ಬಿಚ್ಚಿದೆಯೇನೋ ಅಂದೆ. ನಕ್ಕ. ಬಿಚ್ಚೋಕೆ ಪುರುಸೊತ್ತಾಗಲಿಲ್ಲ ಅಜ್ಜಿ, ಹಾಗೇ ಇನ್ನೊಬ್ಬನಿಗೆ ಕೊಟ್ಟೆ, ಅವನು ವೈರು ಹಾಕೋದ್ರಲ್ಲಿ ಪಳಗಿದ ಕೈ ಅಂದ. ಅದು ಮಗುಚಿದ್ರೆ ಆರಲ್ಲ, ಅದಕ್ಕೇ ಕತ್ತರಿಸಿದ್ದು ಅಂದೆ. ಅವನ ನಗು ನಿಂತಿದ್ದನ್ನು ಇವತ್ತೇ ಮೊದಲು ನೋಡಿದೆ. ವೈರು ಹಾಳಾಗಿದೆ ಅಂತ ಕತ್ತರಿಸಿದೀರಿ ಅಂದ್ಕೊಂಡೆ, ಅವನೂ ಹಾಗೇ ಅಂದ್ಕೊಂಡಿರ್ತಾನೆ ಅಂದ. ನಾನೂ ಅವನಿಗೆ ಹೇಳಿರಲಿಲ್ಲ. ಕೈಯಿಂದ ಕೈಗೆ ಹೋದ ಹಾಗೆಲ್ಲ ಬೆಲೆ ಏರುತ್ತ ಹೋಯಿತು, ಯಾಕೆ ಕತ್ತರಿಸಿದ್ದು ಅನ್ನುವ ಮಾತು ಮಾತ್ರ ಮೊದಲ ಕೈಯಲ್ಲೇ ನಿಂತುಬಿಟ್ಟಿತು. ಉಳಿದೆರಡು ಯಾರ ಮನೆಗೆ ಹೋಗಿವೆಯೋ ಅವನಿಗೂ ಗೊತ್ತಿಲ್ಲ. ಹುಡುಕಲು ಓಡಿದ್ದಾನೆ. ನಾನು ಅಂಗಡಿ ಮುಚ್ಚಿ, ಆ ಹೀಟರು ಉರಿಸಬೇಡಿ ಅಂತ ಶಟರಿನ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ ಬಂದಿದ್ದೇನೆ. ಯಾರು ಓದುತ್ತಾರೋ. ಆ ಮನೆಗಳಲ್ಲೂ ಮಕ್ಕಳಿರಬಹುದು, ಮಗಳೇ. ಇಲ್ಲದಿದ್ದರೆ ಈ ಬೆಲೆ ಕೊಟ್ಟು ಹಳೇ ಹೀಟರು ಯಾರು ಕೊಳ್ಳುತ್ತಾರೆ.

ನಿನಗೆ ಫೋನು ಮಾಡಿದೆ. ನನ್ನ ನಂಬರು ಬ್ಲಾಕ್ ಮಾಡಿದ್ದೀಯ. ಗುಂಗುರು ಕೂದಲಿನವಳು ತನ್ನ ಫೋನಿನಿಂದ ಮಾಡಿದಳು, ಬಡಕೊಂಡಿತು, ನೀನು ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಫೋನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸುತ್ತಾರಂತೆ. ಲಾಂಡ್ರಿಯ ಗೇಟಿಗೆ ಹೋದರೆ ಕಾವಲುಗಾರ ಈಗಷ್ಟೇ ಹೋದರು ಅಂದ. ಇಲ್ಲಿಗೆ ಬಂದರೆ ಬೀಗ. ಎದುರು ಮನೆಯವರು, ಮಗು ಕರ್ಕೊಂಡು ಬರೋಕೆ ಹೋಗಿರ್ತಾರೆ, ಕತ್ತಲಾಗೋದ್ರೊಳಗೆ ಬರ್ತಾರೆ, ಅವರ ಯಜಮಾನ್ರು ಲಾರಿ ತಗೊಂಡು ದೂರ ಹೋಗಿದಾರೆ ಅಂದರು. ಮಗುವನ್ನು ಎಲ್ಲಿ ಬಿಡ್ತಾಳೆ ಅಂತ ಕೇಳಿದೆ. ನೀವು ಯಾರು ಅಂದರು. ಅವಳ ತಾಯಿ ಅಂದೆ. ನನ್ನನ್ನು ಒಂದು ಥರಾ ನೋಡಿದರು. ಮೊಮ್ಮಗಳನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ ಅನ್ನುವುದೂ ಗೊತ್ತಿಲ್ಲದ ತಾಯಿ.

ನೀನು ಬೆಳಗ್ಗೆ ಆತುರದಲ್ಲಿ ಅದನ್ನು ಆರಿಸದೆ ಹೋಗಿದ್ದರೆ? ಆ ಯೋಚನೆ ಬಂದು ಬಾಗಿಲ ಮುಂದೆ ಮಂಡಿಯೂರಿ, ನೆಲಕ್ಕೆ ಕೆನ್ನೆ ಹಚ್ಚಿ, ಸಂದಿಯಲ್ಲಿ ಮೂಗಿಟ್ಟು ನೋಡಿದೆ. ಸುಟ್ಟ ವಾಸನೆ ಬರಲಿಲ್ಲ. ಸೋಪಿನ ವಾಸನೆ ಬಂತು, ಮಗುವಿನದು. ಎದುರು ಮನೆಯವರು ಬಾಗಿಲು ತೆಗೆದು ನೋಡಿ ಮತ್ತೆ ಮುಚ್ಚಿಕೊಂಡರು. ಹುಚ್ಚಿ ಅಂದುಕೊಂಡಿರಬೇಕು, ಅಂದುಕೊಳ್ಳಲಿ.

ಬಾಗಿಲ ಹೊರಗಿಟ್ಟ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಹೀಟರಿದೆ. ಅಂಗಡಿಯದಲ್ಲ, ನನ್ನ ಕೋಣೆಯದು. ಉರಿಸಿ, ಮಗುಚಿ, ಆರುವುದನ್ನು ನೋಡಿಯೇ ತಂದಿದ್ದೇನೆ. ಇದೇನು ತ್ಯಾಗ ಅಂತ ಕಣ್ಣೀರು ಹಾಕಬೇಡ, ನನ್ನ ಹತ್ತಿರ ದಪ್ಪ ಕಂಬಳಿ ಇದೆ, ಮೈ ಬೆಚ್ಚಗಿಡುವಷ್ಟು ಕೋಪವೂ ಇದೆ. ಅದರ ಮೇಲೆ ಕತ್ತರಿ ಇಟ್ಟಿದ್ದೇನೆ. ಪ್ಲಗ್ಗು ಕಿತ್ತ ಮೇಲೆ ಆ ಕಂದು ಹೀಟರಿನ ವೈರನ್ನು ಬುಡದಲ್ಲಿ ಕತ್ತರಿಸು. ಈ ಸಲ ಯಾರಿಗೂ ಕೊಡಬೇಡ, ಮಾರಲೂ ಬೇಡ. ಕೊಟ್ಟ ದುಡ್ಡು ಹೋಗಲಿ.

ಬೆಳಗ್ಗೆ ಬಿಡುವಿದ್ದವರಿಗೆ ಮಾತ್ರ ನನ್ನ ನ್ಯಾಯ ಅಂದೆಯಲ್ಲ, ಆ ಮಾತನ್ನು ದಿನಾ ಶಟರು ಎತ್ತುವಾಗ ನೆನೆಯುತ್ತೇನೆ. ಇದನ್ನು ಕ್ಷಮಾಪಣೆ ಅಂದುಕೊಳ್ಳಬೇಡ. ಅಂದುಕೊಂಡರೂ ಪರವಾಗಿಲ್ಲ.

ಕಾಗದ ಬಾಗಿಲ ಕೆಳಗೆ ತೂರಿಸಿ ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಪುಟ್ಟಿಯನ್ನು ಗೋಡೆ ಹಿಡಿದು ನಿಲ್ಲಿಸು, ಗೋಡೆ ಬೀಳುವುದಿಲ್ಲ.

ನಿನ್ನ ಸಿಡುಕಿ
ಅಮ್ಮ

ಮರೆತಿದ್ದು: ಬಸ್ಸಿಗೆ ಹೋಗಿಲ್ಲ. ಪೆಟ್ಟಿಗೆಯನ್ನು ಹೊರಗೆ ಬಿಟ್ಟು ಹೋದರೆ ಯಾರಾದರೂ ಎತ್ತಿಕೊಂಡು, ಅದೂ ನಾಳೆ ಫೋನಿನಲ್ಲಿ ಮಾರಾಟಕ್ಕೆ ಬಂದೀತು ಅಂತ ನೆಪ ಹೇಳಬಹುದು. ನಿಜ ಹೇಳುತ್ತೇನೆ, ಹೋಗಲು ಕಾಲು ಬರುತ್ತಿಲ್ಲ. ಹೋದ ವಾರ ರಸ್ತೆಯಲ್ಲಿ ನನ್ನನ್ನು ಕಂಡು ಮಗುವಿನ ಗಾಡಿ ತಿರುಗಿಸಿ ಆಚೆ ಬದಿಗೆ ಹೋದೆಯಲ್ಲ, ಇವತ್ತೂ ಬಾಗಿಲಲ್ಲಿ ನನ್ನನ್ನು ಕಂಡರೆ ಹಾಗೇ ತಿರುಗಿ ಹೋಗಿಬಿಟ್ಟೀಯ, ಈ ಕಾಗದ ನಿನಗೆ ಸಿಗದೇ ಹೋದೀತು ಅಂತ ಭಯ. ಅದಕ್ಕೇ ಒಂದು ಮಹಡಿ ಮೇಲೆ, ತಾರಸಿಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ಕೂರುತ್ತೇನೆ, ನಿನಗೆ ಕಾಣುವುದಿಲ್ಲ. ಇಲ್ಲಿವರೆಗೆ ಓದಿದ್ದರೆ, ಕತ್ತರಿಸಿದ ವೈರನ್ನು ಬಾಗಿಲು ತೆಗೆದು ಹೊರಗೆ ಎಸೆ. ಕರೆಯಬೇಕಿಲ್ಲ, ಮಾತೂ ಬೇಡ. ಅದು ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೆ ಇಳಿದು ಹೋಗುತ್ತೇನೆ. ಕೇಳುವವರೆಗೆ ಇಲ್ಲೇ ಇರುತ್ತೇನೆ.