ಅಟ್ಟದ ಮ್ಯಾಲಿನ ಬೋಗಾಣಿ

ಲಗಮವ್ವಾ,

ನೀ ಏಳೂದರಾಗ ನಾನೂ ನಿಮ್ಮ ಅತ್ತಿನೂ ಖಾನಾಪುರದ ಮೊದಲ ಬಸ್ಸಿಗೆ ಹೊಂಟಿರತೀವಿ. ಹಲಸಿ ಊರಾಗ ಭಜನಿ ಇರೂದು ಒಂದ ದಿನಾ. ಆದರ ನಾವು ಗುರುವಾರ ಸಂಜಿ ತನಕಾ ಬರಂಗಿಲ್ಲ.

ನಾ ತುಳಸಿ ಮಾಲಿ ಹಾಕ್ಕೊಂಡು ವರ್ಷ ಆತು. ಅವತ್ತಿಂದ ಈ ಮನ್ಯಾಗ ಕೋಳಿ ಬೆಂದಿಲ್ಲ. ಬಿಟ್ಟಾಂವ ನಾ, ನೀವೆಲ್ಲಾ ಯಾಕ ಬಿಟ್ಟಿರಿ? ಐದು ತಿಂಗಳ ಬಸರಿ, ಬಯಕಿ ಏನಂತ ಕೇಳಿದರ ‘ಏನಿಲ್ರಿ ಮಾವಾ’ ಅಂತೀ. ಬಾಜೂ ಮನಿ ಸುಗರಾನ ಮುಂದ ಮಾತ್ರ ‘ಕೋಳಿ ಸಾರು’ ಅಂದೀ! ಖರೇ ಹೇಳತೀನಿ, ನನಗ ಸಿಟ್ಟು ಬಂದಿತ್ತು.

ಅಟ್ಟದ ಮ್ಯಾಲಿನ ಕೋಳಿ ಸಾರಿನ ದೊಡ್ಡ ಬೋಗಾಣಿ ಇಳಿಸಿ ಬೆಳಗಿಟ್ಟೀನಿ. ನಿನ್ನ ಗಂಡ ಭರಮಗ ಜವಾರಿ ಕೋಳಿ ತರಾಕ ಹೇಳೀನಿ. ಕೋಳಿ ಸುಗರಾನ ಗಂಡ ಹುಸೇನಸಾಬನ ಕೈಲೆ ಕೊಯ್ಸಲಿ, ಅಂದರ ಅವರ ಮನಿಗೂ ಒಂದ ವಾಟಗಾ ಸಾರು ಕೊಡಾಕ ಬರತೈತಿ. ಸ್ಟೋ ಹಚ್ಚಬ್ಯಾಡ, ಚಿಮಣಿ ಎಣ್ಣಿ ವಾಸನಿಗೆ ನಿನಗ ವಾಂತಿ ಆಗತೈತಿ. ಹಿತ್ತಲದ ಒಲಿ ಮ್ಯಾಲ ಮಾಡು. ಕಟ್ಟಗಿ ನಿನ್ನ ಗಂಡ ಒಡೀಲಿ, ನೀ ಬಗ್ಗಬ್ಯಾಡ.

ಹಿತ್ತಾಳಿ ಡಬ್ಬ್ಯಾಗ ಇರೂದು ನಿನ್ನಿ ನಾನ ಹುರಿದು ಕುಟ್ಟಿದ ಮಸಾಲಿ. ಕೊಬ್ಬರಿ, ಎಳ್ಳು, ಲವಂಗ ಎಲ್ಲಾ ಐತಿ. ಉಳ್ಳಾಗಡ್ಡಿ ಕೆಂಪಗ ಆಗೂತನಕಾ ಅದನ್ನ ಹಾಕಬ್ಯಾಡ. ಜವಾರಿ ಕೋಳಿ ತಡಾ ಮಾಡಿ ಬೇಯತೈತಿ, ಅವಸರ ಬ್ಯಾಡ. ಮೊದಲ ಉಪ್ಪು ನಾ ನೋಡತಿದ್ದೆ, ಇನ್ನ ಮ್ಯಾಲ ನೀನ ನೋಡಬೇಕು.

ಗುರುವಾರ ನಾ ಬಂದಾಗ ಮನ್ಯಾಗ ಘಮಾ ಇನ್ನೂ ಉಳಿದಿದ್ದರ ಹೆದರಬ್ಯಾಡ ಮಗಳ. ಅವತ್ತು ನನಗ ಜೋರ ನೆಗಡಿ ಇರತೈತಿ.

ನಿನ್ನ ಮಾವ