ಶಾಲಿನ ಪಟ್ಟಿಯಲ್ಲಿ ನನ್ನ ಹೆಸರು

18 ಮೇ 2023, ಗುರುವಾರ. ಕ್ಯಾನ್ಸಸ್.

ಈ ವಾರ ಇದು ಐದನೆಯ ಪುಟ್ಟ ಊರು. ಅದೇ ಗೋಧಿ ಹೊಲ, ಟೆಂಟು ನಿಲ್ಲಗೊಡದ ಅದೇ ಗಾಳಿ. ಕಾರು ಓಡಿಸಿ ಓಡಿಸಿ ಬೆನ್ನು ನೋಯುತ್ತಿದೆ.

ಭಾನುವಾರ ನಮ್ಮೂರು ಡುಲುತ್‌ನ ಕನ್ನಡ ಸಂಘದಲ್ಲಿ ಪದವಿ ಮುಗಿಸಿದವರಿಗೆ ಶಾಲು ಹೊದಿಸುತ್ತಾರೆ. ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಅಮ್ಮನೇ ಕೊಟ್ಟಿದ್ದಾಳೆ. ನಾನು ಕಾಲೇಜು ಬಿಟ್ಟು ವರ್ಷವಾಯಿತು. ಪಟ್ಟಿ ನೋಡಿಕೊಳ್ಳುವ ಕಾತ್ಯಾಯಿನಿ ಆಂಟಿಗೆ ಸಿಟ್ಟಿನಿಂದ ಫೋನ್ ಮಾಡಿದೆ.

“ಆಂಟಿ, ನನ್ನ ಹೆಸರು ತೆಗೀರಿ. ನಾನು ಡ್ರಾಪ್‌ಔಟ್.”

“ಗೊತ್ತು ಕಣೋ, ದೊಡ್ಡ ಪ್ರಾಮಾಣಿಕ! ನಿಮ್ಮಮ್ಮನೇ ಹೇಳಿದ್ಲು. ಹೆಸರು ನೋಡಿ ಜಗಳ ಆಡೋಕಾದ್ರೂ ಮನೆಗೆ ಬರ್ತಾನೆ ಅಂದ್ಲು. ಊಟ ಆಯ್ತೇನೋ?”

ಡಬ್ಬಿಯ ಬೀನ್ಸ್ ತಿಂದೆ ಎಂದೆ.

ಹೋಗುವುದಿಲ್ಲ ಎಂದು ಇಲ್ಲಿ ಬರೆಯಲು ಹೊರಟೆ. ಬರೆದರೆ ಅದು ಸುಳ್ಳಾಗುತ್ತದೆ. ಸಾವಿರ ಮೈಲಿ. ನಾಳೆ ಬೇಗ ಎದ್ದರೆ ಶನಿವಾರ ರಾತ್ರಿಗೆ ಮನೆ ಸೇರಬಹುದು.