ಅಣ್ಣನ ಕಾಲಿನ ಪ್ಲೇಟು

ಭಾನುವಾರ, ಮಾರ್ಚ್ ೧೪

ಪ್ರೀತಿಯ ತಮ್ಮನಿಗೆ,

ಅಣ್ಣನ ಆಶೀರ್ವಾದಗಳು. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮುರಿದದ್ದು ಕಾಲು, ಕೈಗೇನಾಗಿತ್ತು ಎಂದು ನೀನು ಕೇಳಬಹುದು. ಒಳ್ಳೆಯ ಸುದ್ದಿ ಸಿಗುವವರೆಗೆ ಬರೆಯಬಾರದೆಂದು ಹಟ ಹಿಡಿದು ಕೂತಿದ್ದೆ. ನೀನಂತೂ ಫೋನ್ ಎತ್ತುವುದಿಲ್ಲ. ಅದಕ್ಕೇ ನೀನೀಗ ಕೆಲಸಕ್ಕಿರುವ ಮೇಸ್ತ್ರಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಮೂಳೆ ಕೂಡ್ತಾ ಇದೆ. ಇನ್ನು ಧೈರ್ಯವಾಗಿ ಕಾಲೂರಿ," ಎಂದರು. ಊರಿದೆ ಕಣೋ! ವಾಕರ್ ಹಿಡಿದು ಕಿಟಕಿಯವರೆಗೆ ಹೋಗಿ ಬಂದೆ. ನಿನ್ನ ಅತ್ತಿಗೆ ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ಬಾಯಿ ಸುಮ್ಮನಿರುತ್ತದೆಯೇ? "ಬಚ್ಚಲಿಗೆ ತಗಡು ಹಾಕ್ಸಿ ಅಂತ ವರ್ಷದಿಂದ ಬಡ್ಕೋತಿದ್ದೆ. ಕಾಲಿಗೆ ಹಾಕಿಸ್ಕೊಂಡು ಬಂದ್ರಲ್ಲ!" ಎಂದಳು. ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು.

ನಾನು ಏಣಿಯಿಂದ ಬಿದ್ದ ದಿನ ನೀನು ಕಣ್ಣಾರೆ ಕಂಡದ್ದು ಹೆದರುವಂಥದ್ದೇ. ಪಾದದ ಕೀಲಿಗಿಂತ ಸ್ವಲ್ಪ ಮೇಲೆ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು; ಗಾಯದ ತುಂಬ ಮಣ್ಣು, ಗೋಡೆಗೆ ಮೆತ್ತುವ ಪುಟ್ಟಿಯ ಪುಡಿ. ಮೊದಲು ಅದನ್ನೆಲ್ಲ ತೊಳೆದು, ಹೊರಗಿನಿಂದ ಸರಳು ಕೂರಿಸಿ ಮೂಳೆ ಅಲುಗದಂತೆ ಹಿಡಿದಿಟ್ಟರು. ಪ್ಲೇಟನ್ನು ಆಗಲೇ ಯಾಕೆ ಹಾಕಲಿಲ್ಲ ಎಂದು ನಾನು ಗೊಣಗಿದೆ. "ಅಲ್ಲಿ ಚರ್ಮ ತೆಳು. ಊತ ಇಳೀಲಿ, ಗಾಯ ಚೊಕ್ಕ ಆಗ್ಲಿ. ಅವಸರ ಮಾಡಿದ್ರೆ ಕೀವು ಒಳಗೇ ಕೂತ್ಕೊಳುತ್ತೆ, ಆಮೇಲೆ ಕಾಲು ಉಳಿಸೋದೇ ಕಷ್ಟ," ಎಂದರು ಡಾಕ್ಟರಮ್ಮ. ಹಳೇ ಬಣ್ಣ ಕೆರೆದು ತೆಗೆಯದೆ ಗೋಡೆಗೆ ಹೊಸ ಬಣ್ಣ ಬಳಿದರೆ ಏನಾಗುತ್ತದೆಂದು ಪೇಂಟರುಗಳಾದ ನಮಗೆ ಗೊತ್ತಿಲ್ಲವೇ? ಊತ ಇಳಿದ ಮೇಲೆ ಚರ್ಮವನ್ನು ಚೂರೇ ಕೊಯ್ದು, ಪ್ಲೇಟನ್ನು ಒಳಗೆ ಜಾರಿಸಿ ಸ್ಕ್ರೂ ಬಿಗಿದರು. ಕೀವಾಗಲಿಲ್ಲ. ಆದರೂ ಕಾಲು ಹೋಗಿಬಿಡುತ್ತದೇನೋ ಎಂಬ ಭಯ ನನ್ನನ್ನು ಬಿಟ್ಟದ್ದು ನಿನ್ನೆಯೇ.

ಇನ್ನು ಆ ದಿನದ ಮಾತು. ಏಣಿ ಹಿಡಿದವನು ಸಿಳ್ಳೆ ಹಾಕುತ್ತಿರಬೇಕು, ಸಿಳ್ಳೆ ಕೇಳುತ್ತಿರುವಷ್ಟು ಹೊತ್ತು ಮೇಲಿದ್ದವನು ಕೆಳಗೆ ನೋಡಬಾರದು. ಅಪ್ಪ ನಮಗೆ ಕೆಲಸ ಕಲಿಸಿದ್ದೇ ಹಾಗೆ. ನಿನ್ನ ಕಣ್ಣಿಗೆ ಪುಡಿ ಬಿತ್ತು, ತೊಳೆದುಕೊಳ್ಳಲು ನೀನು ನಲ್ಲಿಯ ಹತ್ತಿರ ಹೋದೆ. ಬಾಯಿ ಮಾತ್ರ ರೂಢಿಯಂತೆ ಸಿಳ್ಳೆ ಹಾಕುತ್ತಲೇ ಇತ್ತು. ನೀನು ಏಣಿ ಹಿಡಿದೇ ಇದ್ದೀಯೆಂದು ನಾನು ಮೂಲೆಗೆ ಕೈ ಚಾಚಿದೆ, ಏಣಿ ಜಾರಿತು. ನಡೆದದ್ದು ಅಷ್ಟೇ. "ನಾನೇ ಅಣ್ಣನ್ನ ಬೀಳ್ಸಿದೆ, ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದು ಮೇಸ್ತ್ರಿಯ ಮುಂದೆ ಗೋಳಾಡಿದೆಯಂತೆ. ಹುಚ್ಚಪ್ಪ! ಕಣ್ಣುರಿಯುವಾಗ ಯಾರು ತಾನೇ ಏಣಿ ಹಿಡಿದು ನಿಲ್ಲುತ್ತಾರೆ? ಆ ವಿಷಯಕ್ಕೆ ನನಗೆ ಎಳ್ಳಷ್ಟೂ ಕೋಪವಿಲ್ಲ. ಊರೂರು ಅಲೆದು ಕಂಡವರ ಏಣಿ ಹಿಡಿದದ್ದು ಸಾಕು, ಮನೆಗೆ ಬಾ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಣ್ಣ

ತಾ.ಕ.: ಬರೆಯಬಾರದೆಂದುಕೊಂಡಿದ್ದೆ, ಮನಸ್ಸು ತಡೆಯುತ್ತಿಲ್ಲ. ಪ್ಲೇಟು ಹಾಕಲು ಒಳಗೆ ಕರೆದೊಯ್ಯುವಾಗ ನರ್ಸು, "ಹೊರಗೆ ನಿಮ್ಮೋರು ಯಾರಿರ್ತಾರೆ?" ಎಂದು ಕೇಳಿದಳು. ನಿನ್ನ ಅತ್ತಿಗೆ ಪಕ್ಕದಲ್ಲೇ ಇದ್ದರೂ ನನ್ನ ಬಾಯಿಂದ "ತಮ್ಮ ಇರ್ತಾನೆ" ಎಂದು ಬಂದುಬಿಟ್ಟಿತು. ಅಷ್ಟು ಹೊತ್ತಿಗೆ ನೀನು ಬಂದೇ ಬರುತ್ತೀಯೆಂದುಕೊಂಡಿದ್ದೆ. ಎಲ್ಲ ಮುಗಿದ ಮೇಲೆ ಆ ನರ್ಸು ಬಾಗಿಲಲ್ಲಿ ನಿಂತು, "ಪೇಂಟರ್ ತಮ್ಮ ಯಾರು? ಬನ್ನಿ," ಎಂದು ಕೂಗಿದಳಂತೆ. ಯಾರೂ ಏಳಲಿಲ್ಲವಂತೆ. ಮತ್ತೊಮ್ಮೆ ಕೂಗಿದಾಗ ನಿನ್ನ ಅತ್ತಿಗೆ ಎದ್ದು ಹೋದಳಂತೆ. ಮೂಳೆ ಹೊರಗೆ ಬಂದಾಗಲೂ ನಾನು ಅತ್ತಿರಲಿಲ್ಲ ಕಣೋ. ಇದನ್ನು ಕೇಳಿ ಅತ್ತುಬಿಟ್ಟೆ.